ರಕ್ತದಾಗ ಐತಿ

ಇಚಲಕರಂಜಿಯ ಓಣಿಯಲ್ಲಿ ನಿಂತು ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂದರೆ ಹಳೆಯ ನೇಕಾರರು ಅರೆನಗೆ ನಗುತ್ತಾರೆ. ಒಂದೇ ಗಿರಣಿಯ, ಒಂದೇ ನಂಬರಿನ ನೂಲು ಎರಡು ಕಡೆ ಹೋಗುತ್ತದೆ. ಒಂದು ಕಡೆ ಸರಿಯಾಗಿ ಗಂಜಿ ಕುಡಿದು, ಹದವಾದ ಬಿಗುವಿನಲ್ಲಿ ಹಾಸಾಗಿ ಒಳ್ಳೆಯ ಬಟ್ಟೆ ಇಳಿಯುತ್ತದೆ. ಇನ್ನೊಂದು ಕಡೆ ಸೈಜಿಂಗ್ ಕೆಟ್ಟು, ಒಣ ಹವೆಗೆ ಎಳೆ ಪಟಪಟನೆ ಹರಿದು, ಥಾನಿನ ತುಂಬ ಗಂಟು. ನೂಲು ಹೇಗಿದ್ದರೂ ನಡೆದೀತು ಎಂದು ಯಾವ ನೇಕಾರನೂ ಹೇಳಲಾರ. ನೂಲೇ ಎಲ್ಲ ಎಂದೂ ಹೇಳಲಾರ. ಮನುಷ್ಯನ ನಡತೆಯನ್ನು ಮಿದುಳು, ರಸಾಯನ, ವಂಶವಾಹಿಗಳಿಂದ ವಿವರಿಸುವ ಮನೋವಿಜ್ಞಾನದ ಜೈವಿಕ ಪಂಥದ ಬಗ್ಗೆ ನನಗಿರುವ ಗೌರವವೂ ತಕರಾರೂ ಇಷ್ಟರಲ್ಲೇ ಇವೆ.

ಈ ಪಂಥ ನಮ್ಮ ಸೀಮೆಗೆ ಹೊರಗಿನದಲ್ಲ. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದ ನಾ. ಸೀ. ಫಡಕೆ ಮರಾಠಿ ಓದುಗರಿಗೆ ಪ್ರೇಮಕಾದಂಬರಿಗಳ ಲೇಖಕರು. ಅವರೇ 1927ರಲ್ಲಿ ಇಂಗ್ಲಿಷಿನಲ್ಲಿ ‘ಸೆಕ್ಸ್ ಪ್ರಾಬ್ಲಮ್ ಇನ್ ಇಂಡಿಯಾ’ ಎಂಬ ಪುಸ್ತಕ ತಂದರು. ಭಾರತಕ್ಕೊಂದು ಸುಸಂತಾನ ಚಳವಳಿ ಬೇಕೆಂಬುದು ಅದರ ವಾದ. ಮುನ್ನುಡಿ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ಅವರದು. ಸಂತತಿ ನಿಯಂತ್ರಣದ ಮಾತೆತ್ತಲೂ ಹಿಂಜರಿಯುತ್ತಿದ್ದ ಕಾಲದಲ್ಲಿ ಅದು ಎದೆಗಾರಿಕೆಯ ಕೆಲಸವೇ. ಆದರೆ ಗರ್ಭನಿರೋಧಕದ ಜತೆಗೆ ಇನ್ನೊಂದು ಸರಕೂ ಬಂತು. ಇಂಗ್ಲೆಂಡಿನ ಗಾಲ್ಟನ್ 1883ರಲ್ಲಿ ಹೆಸರಿಟ್ಟ ಯೂಜೆನಿಕ್ಸ್, ಅಂದರೆ ಒಳ್ಳೆ ಬೀಜ, ಕೆಟ್ಟ ಬೀಜಗಳ ವಿಂಗಡಣೆ. ಎತ್ತು ಕೊಳ್ಳುವಾಗ ಸುಳಿ ನೋಡುವ ರೈತನಿಗೆ ಇದು ಹೊಸದಲ್ಲ, ಜಾತಿ ಕೇಳಿ ನೀರು ಕೊಡುವವನಿಗಂತೂ ಅಲ್ಲವೇ ಅಲ್ಲ. ವಿಜ್ಞಾನದ ಹೆಸರಿನಲ್ಲಿ ಬಂದದ್ದು ಹಳೆಯ ನೆಂಟನಂತೆ ನೇರ ಪಡಸಾಲೆಗೇ ಬಂದು ಕೂತಿತು.

ಪೊಲೀಸ್ ಠಾಣೆಗೆ ಆ ನೆಂಟ ಅದಕ್ಕೂ ಮೊದಲೇ ಹೋಗಿದ್ದ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ಇಡೀ ಸಮುದಾಯಗಳನ್ನು ಹುಟ್ಟು ಕಳ್ಳರೆಂದು ಪಟ್ಟಿಯಲ್ಲಿ ಬರೆಸಿತು. 1911ರ ಕಾಯಿದೆಯ ನಂತರ ಮುಂಬಯಿ ಇಲಾಖೆಯಲ್ಲೂ ಬೇಲಿ ಹಾಕಿದ ವಸತಿಗಳು ಎದ್ದವು. ಹುಬ್ಬಳ್ಳಿಯಲ್ಲಿ ಆ ಭಾಗಕ್ಕೆ ಇವತ್ತಿಗೂ ಸೆಟ್ಲಮೆಂಟ್ ಎಂದೇ ಹೆಸರು. ಕಾಯಿದೆ ಬರೆದವರು ವಂಶವಾಹಿ ಕಂಡವರೇನಲ್ಲ. ಬಡಗಿಯ ಮಗ ಬಡಗಿ, ಹಾಗೇ ಕಳ್ಳನ ಮಗ ಕಳ್ಳ ಎಂಬ ಜಾತಿಯ ಲೆಕ್ಕ ಅವರದು. 1876ರಲ್ಲಿ ಇಟಲಿಯ ಲೊಂಬ್ರೊಸೊ ಅಪರಾಧಿಗಳ ದವಡೆ, ಕಿವಿ, ಬುರುಡೆಗಳ ವರ್ಣನೆ ಬರೆದು ಅಂಥದೇ ನಂಬಿಕೆಗೆ ಶಾಸ್ತ್ರದ ಮೊಹರು ಒತ್ತಿದ. ಕಾಯಿದೆ 1952ರಲ್ಲಿ ರದ್ದಾಯಿತು. ‘ಅವರ ರಕ್ತದಾಗ ಐತಿ’ ಎಂಬ ಮಾತನ್ನು ಮಾತ್ರ ಯಾರೂ ರದ್ದು ಮಾಡಲಿಲ್ಲ, ಸಂತೆಯಲ್ಲಿ ಈಗಲೂ ಕಿವಿಗೆ ಬೀಳುತ್ತದೆ.

ಕೊಲ್ಹಾಪುರ ಸಂಸ್ಥಾನದಲ್ಲೂ ಮಹಾರರು, ಮಾಂಗರು, ರಾಮೋಶಿಗಳು, ಮರಾಠಿಯಲ್ಲಿ ಬೇರಡ ಎನಿಸಿಕೊಳ್ಳುವ ನಮ್ಮ ಬೇಡರು ದಿನಾ ಹಾಜರಿ ಕೊಡಬೇಕಿತ್ತು. ಶಾಹೂ ಮಹಾರಾಜರು 1918ರಲ್ಲಿ ಆ ಪದ್ಧತಿ ತೆಗೆದುಹಾಕಿದರು. ಫಾಸೆ ಪಾರ್ಧಿಗಳಿಗೆ ಕಾವಲಿನ ಕೆಲಸ ಕೊಟ್ಟರು. ಕಳ್ಳರೆಂದು ಊರೆಲ್ಲ ಹೆಸರಿಟ್ಟವರ ಕೈಗೆ ಕಾವಲು! ಯಾವ ಪ್ರಯೋಗಾಲಯವೂ ಇಲ್ಲದೆ ನಡೆದ ಪ್ರಯೋಗ ಅದು: ರಕ್ತ ಹಳೆಯದೇ, ಪಗಾರ ಹೊಸದು.

ಇಷ್ಟಾದರೂ ಪಂಥವನ್ನು ಪಂಥದ ಅಳತೆಕೋಲಿನಿಂದಲೇ ಸೋಲಿಸಿದವರೂ ಇದ್ದಾರೆ. ಫಡಕೆಯವರ ಪುಸ್ತಕ ಬಂದ ಅದೇ ದಶಕದ ಕೊನೆಗೆ ಪುಣೆಯ ಇರಾವತಿ ಕರ್ವೆ ಬರ್ಲಿನ್ನಿನಲ್ಲಿ ಓಯ್ಗನ್ ಫಿಷರ್ ಕೈಕೆಳಗೆ ತಲೆಬುರುಡೆ ಅಳೆಯುತ್ತಿದ್ದರು. ಬುರುಡೆಯ ಎಡಬಲಗಳ ವ್ಯತ್ಯಾಸಕ್ಕೂ ಜನಾಂಗಕ್ಕೂ ನಂಟಿದೆ ಎಂಬುದು ಗುರುಗಳ ಎಣಿಕೆ. ಅಂಥ ನಂಟು ಕಾಣಲಿಲ್ಲ ಎಂದು ಶಿಷ್ಯೆ ಬರೆದುಕೊಟ್ಟರು.

ಈಗಿನವರು ಅಳೆಯುವುದು ಬುರುಡೆಯನ್ನಲ್ಲ, ಅವಳಿಗಳನ್ನು. ಐವತ್ತು ವರ್ಷಗಳ ಅಧ್ಯಯನಗಳನ್ನು, 1.4 ಕೋಟಿಗೂ ಹೆಚ್ಚು ಅವಳಿ ಜೋಡಿಗಳ ಲೆಕ್ಕವನ್ನು ಒಟ್ಟುಗೂಡಿಸಿದ 2015ರ ಒಂದು ವಿಶ್ಲೇಷಣೆ, ಮನುಷ್ಯರ ಗುಣಲಕ್ಷಣಗಳ ಆನುವಂಶಿಕತೆ ಸರಾಸರಿ ಶೇಕಡಾ 49 ಎಂದಿತು. ಸಂಖ್ಯೆ ಗಟ್ಟಿಯಾದದ್ದೇ, ಅದನ್ನು ಓದುವ ರೀತಿ ಪೊಳ್ಳು. ನಿನ್ನ ಸಿಟ್ಟಿನ ಪ್ರತಿ ರೂಪಾಯಿಯಲ್ಲಿ 49 ಪೈಸೆ ಅಪ್ಪ ಅಮ್ಮನದು ಎಂದು ಅದು ಹೇಳುತ್ತಿಲ್ಲ. ಒಂದು ಗುಂಪಿನ ಜನರ ನಡುವಿನ ಹೆಚ್ಚುಕಡಿಮೆಯಲ್ಲಿ ಎಷ್ಟು ಪಾಲು ವಂಶವಾಹಿಗಳ ಹೆಚ್ಚುಕಡಿಮೆಗೆ ತಾಳೆಯಾಗುತ್ತದೆ ಎಂದಷ್ಟೇ ಹೇಳುತ್ತದೆ. ಒಂದು ಶೆಡ್ಡಿನ ಎಲ್ಲ ಮಗ್ಗಗಳಿಗೂ ಗಂಜಿ, ಹವೆ, ಬಿಗುವು ಒಂದೇ ಇದ್ದರೆ ಬಟ್ಟೆಯ ಏರುಪೇರೆಲ್ಲ ನೂಲಿನದೇ ಎನಿಸುತ್ತದೆ. ಅದೇ ಲೆಕ್ಕ ಹಿಡಿದು ಪಕ್ಕದ ಶೆಡ್ಡಿನ ಬಟ್ಟೆ ಏಕೆ ಕೆಟ್ಟಿತು ಎಂದು ಹೇಳಹೊರಟರೆ ಮಗ್ಗ ರಿಪೇರಿ ಮಾಡುವ ಜಾಬರ್ ಕೂಡ ಒಪ್ಪುವುದಿಲ್ಲ.

ಈ ಪಂಥ ನನ್ನ ಗೌರವ ಗಳಿಸುವುದು ಅದೇ ಶೆಡ್ಡಿನ ರಾತ್ರಿಪಾಳಿಯಲ್ಲಿ. ಮಿದುಳಿನ ತಳದಲ್ಲಿ ಸುಮಾರು 20,000 ನರಕೋಶಗಳ ಒಂದು ಗೊಂಚಲು ಬೆಳಕು ನೋಡಿ ದಿನದ ತಾಳ ಹಾಕುತ್ತದೆ. ಇಂಥ ಗಡಿಯಾರದ ಒಳಗುಟ್ಟನ್ನು ಹಣ್ಣುನೊಣದಲ್ಲಿ ಬಿಡಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಬೆಳಗ್ಗೆ ಮಲಗಿದವನು ಮಧ್ಯಾಹ್ನ ಕೆಂಗಣ್ಣಿನಿಂದ ಎದ್ದು ಮಕ್ಕಳ ಮೇಲೆ ರೇಗಿದರೆ, ‘ಅವನ ಸ್ವಭಾವಾನೇ ಹಂಗ’ ಎನ್ನುವ ಮನೆಯವರಿಗೆ ‘ಅದು ನಿದ್ದಿ ಕೆಟ್ಟದ್ದು’ ಎಂದು ತಿಳಿಸಿ ಹೇಳಬಲ್ಲದ್ದು ಜೀವಶಾಸ್ತ್ರ. ಗಾಳಿ ಸೋಕಿದೆ ಎಂದು ಕಟ್ಟಿಹಾಕಿಸಿಕೊಂಡವರಿಗೆ 1950ರ ದಶಕದಿಂದ ಔಷಧ ಸಿಕ್ಕದ್ದೂ ಇದೇ ದಾರಿಯಿಂದ. ಪಾಳಿ ಏಕೆ ಹನ್ನೆರಡು ತಾಸಿನದು, ಮಜೂರಿ ಏಕೆ ಮೀಟರಿನ ಲೆಕ್ಕದ್ದು ಎಂಬುದನ್ನು ಮಾತ್ರ ಆ ಗೊಂಚಲಿನಲ್ಲಿ ಹುಡುಕಬಾರದು.

ಎಲ್ಲವನ್ನೂ ಮಿದುಳಿನಲ್ಲೇ ಹುಡುಕುವವರು ಇದ್ದೇ ಇದ್ದಾರೆ. 2008ರಲ್ಲಿ ಪುಣೆಯ ಸೆಷನ್ಸ್ ನ್ಯಾಯಾಲಯ ಕೊಲೆ ಪ್ರಕರಣವೊಂದರಲ್ಲಿ ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆಯನ್ನೂ ಸಾಕ್ಷ್ಯವಾಗಿ ಹಿಡಿದು ಶಿಕ್ಷೆ ಕೊಟ್ಟಿತು. 2010ರಲ್ಲಿ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆ ಮಾಡಕೂಡದು ಎಂದಿತು. ಹಳೆಯ ಹಾಜರಿ ಪುಸ್ತಕವೇ ತಂತಿಯ ಟೊಪ್ಪಿಗೆಯಾಗಿ ತಲೆಗೆ ಬಂದಿತ್ತೇನೋ ಎಂದು ನನಗನ್ನಿಸುತ್ತದೆ.

ಟೊಪ್ಪಿಗೆ ಬಿಡಿ, ಗಡಹಿಂಗ್ಲಜ ಸೀಮೆಯಲ್ಲಿ ತಲೆಗೂದಲೇ ವಿಧಿಬರಹ. ಹುಡುಗಿಯ ತಲೆಯಲ್ಲಿ ಜಟೆ ಕಟ್ಟಿದರೆ ಸವದತ್ತಿ ಎಲ್ಲಮ್ಮ ಕರೆದಳು ಎಂದರ್ಥ. ಅಲ್ಲಿಗೆ ಬಾಚಣಿಗೆ ನಿಲ್ಲುತ್ತದೆ, ಭಂಡಾರ ಹಚ್ಚುತ್ತಾರೆ, ಮುತ್ತು ಕಟ್ಟಿ ದೇವದಾಸಿ ಮಾಡುತ್ತಾರೆ. ಆ ಜಟೆಯನ್ನು ಹತ್ತಿರದಿಂದ ನೋಡಬೇಕು. ಉದುರಿದ ಕೂದಲು ಅಲ್ಲೇ ಸಿಕ್ಕಿಕೊಂಡು, ಎಣ್ಣೆ, ಬೆವರು, ದೂಳು, ಅರಿಸಿನ ಎಲ್ಲ ಸೇರಿ ಕಂಬಳಿಯ ಹಾಗೆ ಬಿಗಿದ ಗಂಟು. ಒಳಗೆ ಹೇನು, ಕೆಳಗೆ ಹುಣ್ಣು, ಭಾರಕ್ಕೆ ಕತ್ತುನೋವು. ಕತ್ತರಿ ಹಿಡಿದು ಬರುವ ಅಂಧಶ್ರದ್ಧಾ ನಿರ್ಮೂಲನ ಸಮಿತಿಯವರು ಹೇಳುವುದು ಅಪ್ಪಟ ಜೀವಶಾಸ್ತ್ರ: ಇದು ಕೂದಲು, ತೊಳೆಯದ್ದಕ್ಕೆ ಗಂಟಾಗಿದೆ. ಅಷ್ಟು ಮಾತು ಬಗೆಹರಿಸುವುದನ್ನು ಹತ್ತು ಉಪದೇಶ ಬಗೆಹರಿಸಲಾರದು. ಉಳ್ಳವರ ಮನೆಯ ಹುಡುಗಿಯ ಸಿಕ್ಕಿಗೆ ಶಾಂಪೂ, ದಲಿತ ಕೇರಿಯ ಹುಡುಗಿಯ ಸಿಕ್ಕಿಗೆ ಮುತ್ತು ಏಕೆ ಎಂದು ಕೇಳಿದರೆ ಜೀವಶಾಸ್ತ್ರ ಬಾಯಿ ಬಿಡುವುದಿಲ್ಲ. 1975ರಲ್ಲಿ ಇದೇ ಗಡಹಿಂಗ್ಲಜದಲ್ಲಿ ದೇವದಾಸಿಯರ ಪರಿಷತ್ತು ಸೇರಿದ್ದು ಕೂದಲಿನ ಮಾತಿಗಲ್ಲ, ಬದುಕಿನ ಮಾತಿಗೆ.

ಕತ್ತರಿಸಿದ ಜಟೆಯನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಡುತ್ತಾರೆ. ಹಗುರಾದ ಕತ್ತನ್ನು ಅತ್ತಿತ್ತ ತಿರುಗಿಸಿ ನೋಡಿಕೊಂಡ ಹೆಂಗಸು ಕೇಳುವ ಪ್ರಶ್ನೆ ಒಂದೇ: ‘ಇನ್ನ ಮಂಗಳಾರ ಶುಕ್ಕಾರ ಜೋಗಕ್ಕ ಹೋಗದಿದ್ರ ಹೊಟ್ಟಿಗೇನ್ರಿ?’