ಜ್ವರ ಕಂಡಿತು, ಯಂತ್ರ ಕಾಣಲಿಲ್ಲ

ವಿಜ್ಞಾನವೆಂದರೆ ಮಾರುದೂರ ಸರಿಯುವವರನ್ನೂ ಒಂದೂವರೆ ಗಂಟೆ ಕದಲದಂತೆ ಕೂರಿಸುವ ಸಾಕ್ಷ್ಯಚಿತ್ರ ‘ಪಾರ್ಟಿಕಲ್ ಫೀವರ್’. ‘ಕಣಜ್ವರ’ ಎಂದು ಅರ್ಥ. 2013ರಲ್ಲಿ ತೆರೆಕಂಡ ಈ ಇಂಗ್ಲಿಷ್ ಚಿತ್ರದ ನಿರ್ದೇಶಕ ಮಾರ್ಕ್ ಲೆವಿನ್ಸನ್ ಸ್ವತಃ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. ಜಿನೀವಾ ಬಳಿ ನೆಲದಡಿಯಲ್ಲಿ, ಸರ್ನ್ ಸಂಸ್ಥೆ ಕಟ್ಟಿದ 27 ಕಿಲೋಮೀಟರ್ ಸುತ್ತಳತೆಯ ಕಣ ವೇಗೋತ್ಕರ್ಷಕವು 2008ರಲ್ಲಿ ಚಾಲನೆಗೊಂಡಂದಿನಿಂದ, 2012ರ ಜುಲೈ 4ರಂದು ಹಿಗ್ಸ್ ಕಣದ ಶೋಧ ಪ್ರಕಟವಾಗುವವರೆಗಿನ ಕಥೆ ಇದರಲ್ಲಿದೆ.

ಚಿತ್ರದ ದೊಡ್ಡ ಗುಣ ಪ್ರಾಮಾಣಿಕತೆ. ಇದರಿಂದ ಆರ್ಥಿಕ ಲಾಭವೇನೆಂದು ಸಭೆಯಲ್ಲೊಬ್ಬರು ಕೇಳಿದಾಗ, ವಿಜ್ಞಾನಿ ಡೇವಿಡ್ ಕಪ್ಲಾನ್ ತಮಗೆ ತಿಳಿಯದೆಂದು ನೇರವಾಗಿ ಒಪ್ಪುತ್ತಾರೆ. ಕೊನೆಗೆ ಹಿಗ್ಸ್ ಕಣದ ದ್ರವ್ಯರಾಶಿ ಗೊತ್ತಾದಾಗ, ಅದು ಎರಡು ಎದುರಾಳಿ ಸಿದ್ಧಾಂತಗಳ ನಡುವೆ ಬಂದು ಕೂರುತ್ತದೆ. ದಶಕಗಟ್ಟಲೆ ದುಡಿದ ಪಂಡಿತರ ಗೊಂದಲವನ್ನು ಕ್ಯಾಮೆರಾ ಮರೆಮಾಚುವುದಿಲ್ಲ.

ಆದರೆ ಚಿತ್ರ ಮುಗಿದ ಮೇಲೆ “ಆ ಯಂತ್ರ ಮಾಡುವುದಾದರೂ ಏನು?” ಎಂದು ಮನೆಯ ಹುಡುಗರು ಕೇಳಿದರೆ, ಉತ್ತರ ಸಲೀಸಾಗಿ ಬಾಯಿಗೆ ಬರುವುದಿಲ್ಲ. ನಾಲ್ಕು ಮಾತು ಸಾಕಿತ್ತು. ಪ್ರೋಟಾನಿಗೆ ವಿದ್ಯುದಂಶವಿದೆ. ಉಯ್ಯಾಲೆಯನ್ನು ಹದ ನೋಡಿ ತೂಗಿದಂತೆ, ವಿದ್ಯುತ್ ಕ್ಷೇತ್ರವು ಅದನ್ನು ಸುತ್ತು ಸುತ್ತಿಗೂ ಮುಂದೆ ತಳ್ಳುತ್ತದೆ. ಅಯಸ್ಕಾಂತಗಳು ಅದರ ದಾರಿಯನ್ನು ಬಾಗಿಸುತ್ತವೆ. ಬೆಳಕಿನ ವೇಗವನ್ನು ಸಮೀಪಿಸಿದ ಪ್ರೋಟಾನುಗಳು ಸೆಕೆಂಡಿಗೆ 11,000ಕ್ಕೂ ಹೆಚ್ಚು ಸುತ್ತು ಹಾಕುತ್ತವೆ. ಎದುರುಬದುರಾಗಿ ಬಂದವು ಡಿಕ್ಕಿ ಹೊಡೆದಾಗ ಆ ಶಕ್ತಿಯೇ ಹೊಸ ಕಣಗಳಾಗುತ್ತದೆ. ಹಿಗ್ಸ್ ಹುಟ್ಟಿದ ಕೂಡಲೇ ಒಡೆಯುವುದರಿಂದ, ಅದರ ಚೂರುಗಳ ಜಾಡು ಹಿಡಿದು ಅದನ್ನು ಗುರುತಿಸಬೇಕು.

ಎರಡನೆಯ ಕೊರತೆ ಇನ್ನೂ ಮುಖ್ಯವಾದುದು. 2008ರ ಸೆಪ್ಟೆಂಬರ್ 19ರಂದು ಅಯಸ್ಕಾಂತಗಳ ನಡುವಿನ ಒಂದು ವಿದ್ಯುತ್ ಬೆಸುಗೆ ಕೆಟ್ಟು, ಟನ್‌ಗಟ್ಟಲೆ ಹೀಲಿಯಂ ಸೋರಿ, ಯಂತ್ರ ಒಂದು ವರ್ಷಕ್ಕೂ ಹೆಚ್ಚು ಕಾಲ ನಿಂತುಹೋಯಿತು. ವಿಜ್ಞಾನಿಗಳ ನಿರಾಶೆ ತೆರೆಯ ತುಂಬ ಕಾಣುತ್ತದೆ. ಸುರಂಗಕ್ಕಿಳಿದು ಸಾವಿರಾರು ಬೆಸುಗೆಗಳನ್ನು ಪರೀಕ್ಷಿಸಿದವರು ಅಂಚಿನಲ್ಲೇ ಉಳಿಯುತ್ತಾರೆ. ಭಾರಿ ಅಯಸ್ಕಾಂತಗಳನ್ನು ಕರಾರುವಾಕ್ಕಾಗಿ ಕೂರಿಸುವ ಸುಮಾರು 7,000 ಜಾಕ್‌ಗಳು ಹೋದದ್ದು ನಮ್ಮ ದೇಶದಿಂದ, ಇಂದೂರಿನ ಸರ್ಕಾರಿ ಸಂಶೋಧನಾ ಕೇಂದ್ರದ ಮೂಲಕ. ಇಂಥ ದುಡಿಮೆಗೆ ಚಿತ್ರ ಕೊಟ್ಟ ಜಾಗ ಅತ್ಯಲ್ಪ. ಕಡತದ ಕೊನೆಯ ಸಹಿಗಿಂತ ಮೊದಲು ಎಷ್ಟು ಕೈಗಳು ದುಡಿದಿರುತ್ತವೆಂದು ಬಲ್ಲ ನನ್ನಂಥ ಗುಮಾಸ್ತನಿಗೆ ಇದು ಸಣ್ಣ ಲೋಪವೆನಿಸುವುದಿಲ್ಲ.

ಲಾಭದ ಪ್ರಶ್ನೆಗೂ ಈ ಯಂತ್ರವಿದ್ಯೆಯಲ್ಲಿಯೇ ಒಂದು ಉತ್ತರವಿತ್ತು. ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ಕೊಡುವ ಯಂತ್ರವೂ ಎಲೆಕ್ಟ್ರಾನುಗಳ ವೇಗ ಹೆಚ್ಚಿಸುವ ವೇಗೋತ್ಕರ್ಷಕವೇ. ಹಿಗ್ಸ್ ನಾಳೆ ಏನು ಕೊಡುವುದೋ ಕಾದು ನೋಡಬೇಕು; ಅದನ್ನು ಹುಡುಕಿದ ವಿದ್ಯೆಯಂತೂ ಆಗಲೇ ಮನುಷ್ಯನ ನೋವಿಗೆ ಒದಗಿದೆ.

ಇಷ್ಟಾದರೂ ವಾಚಕರು ಮಕ್ಕಳೊಡನೆ ಕೂತು ನೋಡಬೇಕಾದ ಚಿತ್ರವಿದು. ನೋಡುವ ಮುಂಚೆ ಕಾಗದದ ಮೇಲೆ ಒಂದು ವೃತ್ತ ಬರೆದು, ಕಣವನ್ನು ತಳ್ಳುವುದು ಯಾವುದು, ಬಾಗಿಸುವುದು ಯಾವುದು ಎಂದು ಹೇಳಿಕೊಟ್ಟರೆ, ಚಿತ್ರ ಬಿಟ್ಟ ಜಾಗವನ್ನು ಮಕ್ಕಳೇ ತುಂಬಿಕೊಳ್ಳುತ್ತಾರೆ.