ಜಾತ್ರೆಯ ರಂಗದಲ್ಲಿ ನಟನ ಮೇಲುಗೈ

ಬಾದಾಮಿ ಸಮೀಪದ ಬನಶಂಕರಿಯಲ್ಲಿ ಬನದ ಹುಣ್ಣಿಮೆಯ ತೇರಿನ ನಂತರವೂ ವಾರಗಟ್ಟಲೆ ಬೀಡುಬಿಡುವ ವೃತ್ತಿ ನಾಟಕ ಕಂಪನಿಗಳು ಒಂದೇ ಬಯಲಿನಲ್ಲಿ ಪೈಪೋಟಿಗೆ ನಿಂತು ರಾತ್ರಿಗೆ ಒಂದಕ್ಕಿಂತ ಹೆಚ್ಚು ಪ್ರಯೋಗ ನಡೆಸುವುದರಿಂದ, ನಾಟಕದ ಮೇಲೆ ಕೊನೆಯ ಮಾತು ಯಾರದು ಎಂಬ ಪ್ರಶ್ನೆ ಅಲ್ಲಿ ಬೇರೆಡೆಗಿಂತ ತೀಕ್ಷ್ಣವಾಗಿ ಏಳುತ್ತದೆ. ಕಂಪನಿಯ ರೂಢಿಯಲ್ಲಿ ನಾಟಕ ಬರೆದುಕೊಡುವವನು ‘ಕವಿ’, ಹಣ ಹೂಡಿ ಕಂಪನಿ ನಡೆಸುವವನು ‘ಮಾಲೀಕ’. ಇಂದು ನಿರ್ದೇಶನವೆಂದು ಕರೆಯುವ ಕೆಲಸವು ಇವರಿಬ್ಬರ ನಡುವೆಯೋ ಹಿರಿಯ ನಟನೊಬ್ಬನ ಪಾಲಿಗೋ ಹಂಚಿಹೋಗಿರುತ್ತದೆ.

ಗರೂಡ ಸದಾಶಿವರಾಯರು, ಏಣಗಿ ಬಾಳಪ್ಪನವರು ತಾವೇ ನಟರೂ ಮಾಲೀಕರೂ ಆಗಿದ್ದುದರಿಂದ ಈ ಘರ್ಷಣೆ ಒಬ್ಬನೇ ವ್ಯಕ್ತಿಯೊಳಗೆ ಅಡಗಿತು. ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ದಲ್ಲಿ ಅಂದಿನ ರಾಜಕೀಯಕ್ಕೆ ತಕ್ಕಂತೆ ಮಾತು ಬೆಳೆಯುತ್ತ ಹೋದರೂ ತಕರಾರೆತ್ತುವವರು ಕಂಪನಿಯೊಳಗೆ ಇರಲಿಲ್ಲ, ಹೊರಗಿದ್ದವರು ಎತ್ತಿದ ತಕರಾರಿನ ಕಥೆ ಬೇರೆ. ಮಾಲೀಕ ರಂಗದ ಮೇಲಿಲ್ಲದ ಕಂಪನಿಯಲ್ಲಾದರೋ ಹಾಸ್ಯ ಪಾರ್ಟಿನ ನಟನು ನಗು ಸಿಕ್ಕ ಕಡೆ ಮಾತನ್ನು ಹಿಗ್ಗಿಸುತ್ತಾನೆ, ಮುಂದಿನ ಪ್ರಯೋಗದ ವೇಳೆ ಸಮೀಪಿಸಿದಾಗ ಕವಿ ಕಥೆಯ ಕೀಲಾಗಿ ಇಟ್ಟಿದ್ದ ಕರುಣರಸದ ದೃಶ್ಯವೇ ಕತ್ತರಿಗೆ ಸಿಗುತ್ತದೆ. ದ್ವಂದ್ವಾರ್ಥದ ಸಂಭಾಷಣೆಗೆ ನಟರನ್ನಷ್ಟೇ ದೂರುವ ವಿಮರ್ಶೆ ಇಲ್ಲಿ ಅರ್ಧ ಸತ್ಯವನ್ನು ಮಾತ್ರ ಹೇಳುತ್ತದೆ, ಏಕೆಂದರೆ ಟಿಕೆಟ್ಟಿನ ಗಲ್ಲೆಯನ್ನು ಎಣಿಸುವ ಮಾಲೀಕನ ಮೌನವಿಲ್ಲದೆ ಆ ಮಾತು ಎರಡನೆಯ ರಾತ್ರಿ ಉಳಿಯಲಾರದು.

ಸರಣಿ ಚಿತ್ರಗಳಲ್ಲಿಯೂ ನಾಯಕ ನಟನೇ ನಿರ್ಮಾಣದ ಪಾಲುದಾರನಾದಾಗ ತೂಕ ಹೀಗೆಯೇ ವಾಲುತ್ತದೆ: 2018ರಲ್ಲಿ ಸೃಜನಶೀಲ ಭಿನ್ನಾಭಿಪ್ರಾಯದಿಂದ ಡ್ಯಾನಿ ಬಾಯ್ಲ್ ಬಾಂಡ್ ಚಿತ್ರದ ನಿರ್ದೇಶನ ಬಿಟ್ಟರೆಂಬ ಪ್ರಕಟಣೆಯಲ್ಲಿ ನಿರ್ಮಾಪಕರ ಜೊತೆಗೆ ನಟ ಡೇನಿಯಲ್ ಕ್ರೇಗ್ ಅವರ ಹೆಸರೂ ಇತ್ತು. ಆದರೆ ಸಿನಿಮಾದ ಜಗಳ ಬಿಡುಗಡೆಗೆ ಮೊದಲೇ ಮುಗಿಯಬೇಕು, ಕಂಪನಿ ನಾಟಕದ್ದು ಪರದೆ ಎದ್ದಾಗಲೆಲ್ಲ ಹೊಸದಾಗಿ ಹುಟ್ಟುತ್ತದೆ.

ಹುನಗುಂದ ಸೀಮೆಯ ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ನಾಟಕ ಎರಡೂ ಲೋಕಗಳನ್ನು ಹಾದುಬಂದ ಕೃತಿ. 1974ರಲ್ಲಿ ಎ.ವಿ. ಶೇಷಗಿರಿ ರಾವ್ ಅದನ್ನು ಚಿತ್ರವಾಗಿಸಿದಾಗ, ಅದುವರೆಗೆ ಹೆಚ್ಚಾಗಿ ಪಿ.ಬಿ. ಶ್ರೀನಿವಾಸ್ ಅವರ ಕಂಠವನ್ನೇ ನೆಚ್ಚಿದ್ದ ರಾಜಕುಮಾರ್ ಎಮ್ಮೆಯ ಮೇಲೆ ಕುಳಿತ ದೃಶ್ಯದ ಗೀತೆಯನ್ನು ತಾವೇ ಹಾಡಿದರು. ಪ್ರೇಕ್ಷಕರ ನೆನಪಿನಲ್ಲಿ ಚಿತ್ರವೆಂದರೆ ಆ ಹಾಡು, ಆ ನಟ ಎಂಬಂತಾಗಿ ಕವಿಯ ಹೆಸರು ಹಿಂದೆ ಸರಿಯಿತು. ಇಲ್ಲಿ ಜಗಳವೇ ಇರಲಿಲ್ಲವೆಂಬುದು ಗಮನಾರ್ಹ: ಗುಬ್ಬಿ ಕಂಪನಿಯಲ್ಲಿ ಪಳಗಿದ್ದ ನಟನೊಬ್ಬ ಕಂಪನಿಯ ಕಥೆಯನ್ನು ತನ್ನ ಮೈಗೆ ಒಗ್ಗಿಸಿಕೊಂಡುದು ಕಥೆಯ ಓಟಕ್ಕೆ ಅಡ್ಡಬರಲಿಲ್ಲ, ಹಾಸ್ಯಗಾರ ಹಿಗ್ಗಿಸಿದ ಮಾತಾದರೋ ಅಡ್ಡಬರುತ್ತದೆ.

ನಟನ ಈ ಮೇಲುಗೈಗೆ ವಿರುದ್ಧವಾದ ಏರ್ಪಾಡು ಇದೇ ಸೀಮೆಯ ಹಳ್ಳಿಗಳ ಹವ್ಯಾಸಿ ಪ್ರಯೋಗಗಳಲ್ಲಿದೆ. ಅಲ್ಲಿ ಅಚ್ಚಾದ ನಾಟಕದ ಪುಸ್ತಕವನ್ನು ಮುಂದಿಟ್ಟುಕೊಂಡು ಹಾರ್ಮೋನಿಯಂ ಬಾರಿಸುತ್ತ ಪಾಠ ಹೇಳಿಕೊಡುವ ಮಾಸ್ತರರ ಮಾತೇ ಅಂತಿಮ. ನಟನಿಗೆ ಪುಸ್ತಕ ಮೀರುವ ಧೈರ್ಯವೂ ಇಲ್ಲ, ಕಸುಬೂ ಇಲ್ಲ. ಅಭಿನಯ ಪೆಡಸಾಗಿದ್ದರೂ, ಕಂಪನಿಗಳು ಜಾತ್ರೆಯಲ್ಲಿ ಕೈಬಿಟ್ಟ ದೃಶ್ಯಗಳು ಬೆಳಗಿನವರೆಗೆ ನಡೆಯುವ ಈ ಪ್ರಯೋಗಗಳಲ್ಲಿ ಇಡಿಯಾಗಿ ಉಳಿದಿರುತ್ತವೆ.