ಮಾರ್ವೆಲ್ ಚಿತ್ರಮಾಲೆ: ಮೊದಲು ಯಾವುದನ್ನು ನೋಡಬೇಕು?

ಮಾರ್ವೆಲ್ ಸಂಸ್ಥೆಯ ಸೂಪರ್‌ಹೀರೋ ಚಿತ್ರಗಳನ್ನು ಹೊಸದಾಗಿ ನೋಡಲು ಹೊರಟವರಿಗೆ ಎದುರಾಗುವ ಮೊದಲ ತೊಡಕೇ ಎಲ್ಲಿಂದ ಆರಂಭಿಸಬೇಕೆಂಬುದು. 2008ರಿಂದ 2019ರವರೆಗಿನ ಘಟ್ಟವೊಂದರಲ್ಲೇ 23 ಚಿತ್ರಗಳಿವೆ. ಬಿಡುಗಡೆಯಾದ ಕ್ರಮದಲ್ಲೇ ನೋಡಬೇಕೆಂದು ಕೆಲವರೂ ಕಥೆ ನಡೆಯುವ ಕಾಲಕ್ರಮವೇ ಸರಿಯೆಂದು ಇನ್ನು ಕೆಲವರೂ ವಾದಿಸುತ್ತಾರೆ. ಮೇಲ್ನೋಟಕ್ಕೆ ಇದು ಅನುಕೂಲದ ಪ್ರಶ್ನೆ. ಆದರೆ ಆರಂಭ ಬದಲಾದಾಗ ಕಥೆಯ ನೀತಿಯೂ ಬದಲಾಗುತ್ತದೆಂಬುದನ್ನು ನಾವು ಮರೆಯಬಾರದು.

ಕಾಲಕ್ರಮ ಹಿಡಿದರೆ ಮೊದಲು ಬರುವುದು 2011ರ ‘ಕ್ಯಾಪ್ಟನ್ ಅಮೆರಿಕ: ದಿ ಫಸ್ಟ್ ಅವೆಂಜರ್’. ಎರಡನೇ ಮಹಾಯುದ್ಧದ ಕಾಲ, ಎದುರಿಗೆ ನಾಝಿಗಳ ನಡುವೆ ಬೆಳೆದ ಹೈಡ್ರಾ. ಅಮೆರಿಕದ ಆಯುಧ ಯಾರ ವಿರುದ್ಧ, ಯಾಕೆ ಎಂಬ ಬಗ್ಗೆ ಪ್ರೇಕ್ಷಕನಿಗೆ ಅನುಮಾನವೇ ಹುಟ್ಟುವುದಿಲ್ಲ. ಆಯುಧ ತಯಾರಕ ಹೋವರ್ಡ್ ಸ್ಟಾರ್ಕ್ ಅಲ್ಲಿ ಲೋಕ ಉಳಿಸುವವರ ಸಂಗಾತಿ.

ಬಿಡುಗಡೆಯ ಕ್ರಮದಲ್ಲಿ ಮೊದಲು ಸಿಗುವುದು ಅವನ ಮಗ ಟೋನಿಯ ಕಥೆಯಾದ ‘ಐರನ್ ಮ್ಯಾನ್’ (2008). ಅದು ಆರಂಭವಾಗುವುದೇ ಅಫ್ಘಾನಿಸ್ತಾನದಲ್ಲಿ. 2001ರಲ್ಲಿ ಶುರುವಾಗಿ 2021ರವರೆಗೆ ನಡೆದ ನಿಜವಾದ ಯುದ್ಧಕ್ಕೆ ಆಗ ಏಳನೇ ವರ್ಷ. ಟೋನಿಯ ಎದೆಗೆ ಹೊಕ್ಕ ಚೂರುಗಳು ಅವನದೇ ಕಂಪೆನಿಯ ಕ್ಷಿಪಣಿಯವು. ಸೆರೆ ಹಿಡಿದವರ ಕೈಯಲ್ಲೂ ಅವನದೇ ಆಯುಧಗಳು. ಈ ಮಗನನ್ನು ಕಂಡ ಮೇಲೆ ತಂದೆಯ ಕಾರ್ಯಾಗಾರವನ್ನು ನೋಡುವ ನಮ್ಮ ಕಣ್ಣು ಬೇರೆಯಾಗಿರುತ್ತದೆ. ತಂದೆಯನ್ನೇ ಮೊದಲು ಕಂಡವರಿಗಾದರೋ ಮಗನ ತಪ್ಪು ಒಳ್ಳೆಯ ಮನೆತನದ ಸಣ್ಣ ಎಡವಟ್ಟಿನಂತೆ ತೋರುತ್ತದೆ.

ಈ ಎಳೆ ಮುಂದೆಯೂ ಸಾಗುತ್ತದೆ. ‘ಏಜ್ ಆಫ್ ಅಲ್ಟ್ರಾನ್’ (2015) ಚಿತ್ರದ ಅವಳಿ ಮಕ್ಕಳ ತಂದೆತಾಯಿಯನ್ನು ಕೊಂದದ್ದು ಒಂದು ಶೆಲ್. ಸಿಡಿಯದೆ ಉಳಿದ ಮತ್ತೊಂದರ ಮೇಲೆ ಬರೆದಿದ್ದ ‘ಸ್ಟಾರ್ಕ್’ ಎಂಬ ಹೆಸರನ್ನು ಆ ಮಕ್ಕಳು ಎರಡು ದಿನ ನೋಡುತ್ತಾ ಬಿದ್ದಿರುತ್ತಾರೆ. ‘ಸಿವಿಲ್ ವಾರ್’ (2016) ಚಿತ್ರದಲ್ಲಿ ಮಗನನ್ನು ಕಳಕೊಂಡ ತಾಯಿಯೊಬ್ಬಳು ಟೋನಿಯನ್ನು ತಡೆದು ಪ್ರಶ್ನಿಸುತ್ತಾಳೆ. ವೀರರಿಗೂ ಅಂಕುಶ ಬೇಕೆಂದು 117 ದೇಶಗಳು ಒಪ್ಪಂದ ಮಾಡಿಕೊಳ್ಳುತ್ತವೆ.

ಹಾಗೆಂದು ‘ಐರನ್ ಮ್ಯಾನ್’ ನಿರ್ದೋಷಿಯಲ್ಲ. ಅದರಲ್ಲಿ ಅಫ್ಘಾನರು ಒಂದೋ ಬಂದೂಕು ಹಿಡಿದವರು, ಇಲ್ಲವೇ ಅಮೆರಿಕನ್ನನೊಬ್ಬ ಹಾರಿ ಬಂದು ಉಳಿಸಬೇಕಾದ ನಿಸ್ಸಹಾಯಕರು. ಟೋನಿಯ ಜೀವ ಉಳಿಸುವ ಗುಲ್ಮಿರಾದ ಯಿನ್ಸೆನ್ ಒಬ್ಬನೇ ಪೂರ್ಣ ಮನುಷ್ಯ. ಅವನನ್ನೂ ಚಿತ್ರ ಬೇಗನೆ ಸಾಯಿಸುತ್ತದೆ. ಆಯುಧ ತಯಾರಿಕೆ ಬಿಟ್ಟೆನೆನ್ನುವ ನಾಯಕ ತೊಡುವ ಕವಚವೂ ಇನ್ನೊಂದು ಆಯುಧವೇ. ಆದರೂ ಇದನ್ನು ಮೊದಲು ನೋಡಿದರೆ ಈ ಪ್ರಶ್ನೆಗಳು ನಮ್ಮೊಂದಿಗೆ ಮುಂದಿನ ಚಿತ್ರಗಳಿಗೂ ಬರುತ್ತವೆ.

1995ರಲ್ಲಿ ನಡೆಯುವ ‘ಕ್ಯಾಪ್ಟನ್ ಮಾರ್ವೆಲ್’ (2019) ಕಾಲಕ್ರಮದಲ್ಲಿ ಎರಡನೆಯದು, ಬಿಡುಗಡೆಯಲ್ಲಿ 21ನೆಯದು. ವೇಷ ಮರೆಸಿ ನುಸುಳುವ ಶತ್ರುಗಳೆಂದು ಬಿಂಬಿಸಲಾದ ಸ್ಕ್ರಲ್‌ಗಳು ನೆಲೆ ಕಳಕೊಂಡ ನಿರಾಶ್ರಿತರೆಂದು ಅದರಲ್ಲಿ ತಿಳಿಯುತ್ತದೆ. ಶತ್ರು ಯಾರೆಂದು ನಮಗೆ ಹೇಳಿಕೊಟ್ಟವರು ಯಾರು ಎಂಬ ಈ ಪ್ರಶ್ನೆ, ಇಪ್ಪತ್ತು ಚಿತ್ರಗಳಲ್ಲಿ ಶತ್ರುಸಂಹಾರಕ್ಕೆ ಚಪ್ಪಾಳೆ ತಟ್ಟಿದ ಮೇಲೆ ಬಂದರೇನೇ ಚುಚ್ಚುತ್ತದೆ.

ಆದ್ದರಿಂದ ನಮ್ಮ ಸಲಹೆ ಬಿಡುಗಡೆಯ ಕ್ರಮ. ಎಲ್ಲವನ್ನೂ ನೋಡಲು ಬಿಡುವಿಲ್ಲದವರು ಇಲ್ಲಿ ಹೆಸರಿಸಿದ ಐದನ್ನಾದರೂ ಅದೇ ಕ್ರಮದಲ್ಲಿ ನೋಡಲಿ. ಮಕ್ಕಳೊಂದಿಗೆ ನೋಡುವವರು ‘ಐರನ್ ಮ್ಯಾನ್’ ಮುಗಿದಾಗ, ನಾಯಕ ಎಷ್ಟು ಜನರನ್ನು ಹೊಡೆದನೆಂದಲ್ಲ, ಯಿನ್ಸೆನ್ ಯಾರಾಗಿದ್ದನೆಂದು ಕೇಳಲಿ.